ಇಪ್ಪತ್ತೈದು ಅಡಿ ನಡಿಗೆ

ಮೂವತ್ತೆರಡು ವರ್ಷ ಅನುಮಾನ ಪಡುವುದಕ್ಕೆಂದೇ ನನಗೆ ಸಂಬಳ ಕೊಟ್ಟರು. ನಾಶಿಕದ ಬದಿಯ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರ್ ಆಗಿದ್ದೆ. ಬಿಡಿಭಾಗ ಮಾಡಿದವನು ಎಷ್ಟೇ ಹಿರಿಯನಾಗಿರಲಿ, ಎಷ್ಟೇ ನಗುನಗುತ್ತ ತಂದುಕೊಡಲಿ, ಮೈಕ್ರೋಮೀಟರ್ ಹಚ್ಚಿ ನೋಡುವವರೆಗೆ ಅದು ಸರಿಯಿಲ್ಲ ಎಂದೇ ತಿಳಿಯುವುದು ನನ್ನ ಕೆಲಸ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಕೆಂಪು ಚೀಟಿ ಕಟ್ಟಿ ಬದಿಗಿಡುತ್ತಿದ್ದೆ. ಆಮೇಲೆ ಮೇಲಿನವರು ಕನ್ಸೆಷನ್ ಕಾಗದ ಹಿಡಿದುಕೊಂಡು ಬರುತ್ತಿದ್ದರು. ಕನ್ಸೆಷನ್ ಎಂದರೆ, ಇದು ತಪ್ಪಿದೆ ಎಂದು ಒಪ್ಪಿಕೊಂಡು, ಆದರೂ ನಡೆಯುತ್ತದೆ ಎಂದು ಬರೆದು ದಾಟಿಸುವುದು. ಜಗಳವಾಡದೆ ನಾನು ಒಂದಕ್ಕೂ ಸಹಿ ಹಾಕಿದವನಲ್ಲ.

ಬಾಗಲಕೋಟೆ ಕಡೆಯಿಂದ ಬಂದವನು ನಾನು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಮಾತನ್ನು ನಮ್ಮಪ್ಪ ಎಮ್ಮೆ ಕೊಳ್ಳುವಾಗ ಮಾತ್ರ ಹೇಳುತ್ತಿದ್ದರು. ನಾನು ಅದನ್ನು ಹಾಲಿನವನಿಗೂ, ಗ್ಯಾಸಿನವನಿಗೂ, ಪಿಂಪಳಗಾಂವ್ ಬಸವಂತ್‌ ಪೇಟೆಯಲ್ಲಿ ದ್ರಾಕ್ಷಿ ತೂಗುವವನಿಗೂ ಹಚ್ಚಿದೆ. ನನ್ನ ಹೆಂಡತಿ ಇದನ್ನೆಲ್ಲ ನೋಡಿ ನೋಡಿ, "ಲಗ್ನದಾಗ ನಮ್ಮ ತಲಿಮ್ಯಾಲ ಬಿದ್ದ ಅಕ್ಕಿಕಾಳೂ ಎಣಿಸಿರಬೇಕ್ರಿ ನೀವು" ಎನ್ನುತ್ತಿದ್ದಳು. ಎಣಿಸಿರಲಿಲ್ಲ. ಆಗಿನ್ನೂ ನೌಕರಿ ಸಿಕ್ಕಿರಲಿಲ್ಲ.

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳು ಖಾರದಪುಡಿಯ ಡಬ್ಬಿ ಹಿಡಿದುಕೊಂಡು ಬಂದಳು. "ಈ ಸಲದ ಖಾರಕ್ಕ ಬಣ್ಣಾನ ಇಲ್ಲ ನೋಡ್ರಿ, ಮಣ್ಣಿನಂಗ ಐತಿ" ಎಂದಳು. ನನಗೆ ಅಷ್ಟೇ ಸಾಕಾಯಿತು. ಡಬ್ಬಿ ಹಿಡಿದು ಅಂಗಡಿಗೆ ಹೋಗಿ, ನಾಲ್ಕು ಜನರ ಮುಂದೆ ಅಂಗಡಿಯವನಿಗೆ ಕಲಬೆರಕೆ ಕಳ್ಳ ಎಂದು ಅಂದು ಬಂದೆ. ಆದರೆ ಖಾರ ಕೆಂಪಗೇ ಇತ್ತು. ಅವಳ ಬಲಗಣ್ಣು ಕೆಂಪನ್ನು ಕಾಣುವುದು ಬಿಟ್ಟಿತ್ತು.

ಆ ಕಣ್ಣು ಕೆಲವು ವಾರಗಳಲ್ಲಿ ತಾನೇ ಸರಿಹೋಯಿತು. ನಾಲ್ಕು ತಿಂಗಳಿಗೆ ಎಡಗಾಲು ಜೋಮು ಹಿಡಿದಂತಾಯಿತು. ಚಪ್ಪಲಿ ಕಾಲಿನಿಂದ ಜಾರಿ ಬಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ. ನಾಶಿಕದ ನರರೋಗ ವೈದ್ಯರು ಮಿದುಳು, ಬೆನ್ನುಹುರಿ ಎರಡರ ಎಂಆರ್‌ಐ ತೆಗೆಸಿದರು. ಚಿತ್ರದಲ್ಲಿ ಬಿಳಿ ಕಲೆಗಳಿದ್ದವು. ರೋಗದ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂಎಸ್ ಎಂದರು. ನರಗಳ ಮೇಲಿನ ಹೊದಿಕೆಯನ್ನು ದೇಹವೇ ತನ್ನ ವೈರಿ ಎಂದು ತಿಳಿದು ಕಡಿಯುತ್ತದಂತೆ. ತಂತಿಯ ಮೇಲಿನ ರಬ್ಬರು ಕಿತ್ತರೆ ಏನಾಗುತ್ತದೆ ಎಂಬುದು ವಿಮಾನದ ಕಾರ್ಖಾನೆಯವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಊರೆಲ್ಲರ ಮೇಲೆ ಅನುಮಾನಪಟ್ಟವನಿಗೆ ಅವಳ ಮೈಯೊಳಗೇ ಕಳ್ಳ ಕೂತಿದ್ದು ಗೊತ್ತಾಗಲಿಲ್ಲವಲ್ಲ ಎಂದು ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ನಾನು ಅತ್ತೆ.

ವೈದ್ಯರು ದಿನಕ್ಕೊಂದು ಮಾತ್ರೆ ಶುರುಮಾಡಿದರು. ಇದಕ್ಕಿಂತ ಬಲವಾದ ಔಷಧಿ ಇದೆ, ಆರು ತಿಂಗಳಿಗೊಮ್ಮೆ ಸಲೈನಿನಂತೆ ಹಚ್ಚುವುದು, ಆದರೆ ಅದು ಮೈಯ ಕಾವಲನ್ನೇ ತಗ್ಗಿಸುತ್ತದೆ, ಬೇರೆ ಸೋಂಕು ಹತ್ತುವ ಭಯ ಇರುತ್ತದೆ. ಮಾತ್ರೆ ಸಾಲುತ್ತಿಲ್ಲ ಎಂದು ಖಚಿತವಾಗದೆ ಅದಕ್ಕೆ ಕೈಹಾಕುವುದಿಲ್ಲ ಎಂದರು. ಖಚಿತಪಡಿಸಿಕೊಳ್ಳುವುದು ಹೇಗೆ ಎಂದು ನಾನು ಕೇಳಿದೆ. ಒಂದು ಸ್ಕ್ಯಾನಿನಿಂದ, ಇನ್ನೊಂದು ನಡಿಗೆಯಿಂದ. ಇಪ್ಪತ್ತೈದು ಅಡಿ ದೂರವನ್ನು ಆಕೆ ಎಷ್ಟು ಸೆಕೆಂಡಿನಲ್ಲಿ ನಡೆಯುತ್ತಾಳೆ, ಆ ಹೊತ್ತು ಬೆಳೆಯುತ್ತಾ ಹೋಗುತ್ತಿದೆಯೋ ಇಲ್ಲವೋ ನೋಡಬೇಕು. ಕಲೆಗಳು ಹೆಚ್ಚದೆಯೂ ಕೆಲವರ ಕಾಲು ಮೆಲ್ಲಗೆ ಸೋಲುತ್ತದೆ, ಆಗ ಬಾಯಿಬಿಟ್ಟು ಹೇಳುವುದು ನಡಿಗೆಯೊಂದೇ ಎಂದರು.

ಅಳತೆ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಜೀವ ಬಂದಂತಾಯಿತು. ನಮ್ಮ ಮನೆಯ ನಡುಮನೆಯಿಂದ ಹಿತ್ತಿಲ ಬಾಗಿಲವರೆಗೆ ಉದ್ದನೆಯ ಓಣಿಯಂಥ ಜಾಗವಿದೆ. ಸ್ಟೀಲಿನ ಟೇಪು ಹಿಡಿದು ಇಪ್ಪತ್ತೈದು ಅಡಿ ಅಳೆದು, ಎರಡೂ ಕಡೆ ಹಳದಿ ಬಣ್ಣದ ಗೆರೆ ಎಳೆದೆ. ಸ್ಪ್ರಿಂಗಿನ ಹಳೆಯ ಸ್ಟಾಪ್‌ವಾಚು ನನ್ನ ಬಳಿ ಇತ್ತು, ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎಂದು ಓಡುವುದು, ಮತ್ತೆ ಒತ್ತಿದರೆ ಟಿಕ್ ಎಂದು ನಿಲ್ಲುವುದು, ಇನ್ನೊಮ್ಮೆ ಒತ್ತಿದರೆ ನಿಂತಲ್ಲಿಂದ ಮುಂದೆ ಓಡುವುದು. ಒಂದು ದಪ್ಪ ರಿಜಿಸ್ಟರಿಗೆ ರಟ್ಟು ಹಾಕಿ, ತಾರೀಖು, ಹೊತ್ತು, ಸೆಕೆಂಡು, ಷರಾ ಎಂದು ಕಾಲಂ ಎಳೆದೆ. ಪ್ರತಿ ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿನ್ನುವ ಮೊದಲು ಅವಳು ಗೆರೆಯಿಂದ ಗೆರೆಗೆ ನಡೆಯಬೇಕು, ನಾನು ಬರೆಯಬೇಕು. ನಿವೃತ್ತಿಯಾದ ಮೇಲಂತೂ ವಾರಕ್ಕೆ ಎರಡು ಸಲ ಮಾಡಿದೆ.

ಆರು ತಿಂಗಳಿಗೊಮ್ಮೆ ವೈದ್ಯರ ಮುಂದೆ ರಿಜಿಸ್ಟರ್ ಬಿಚ್ಚುವುದು ನನಗೆ ಹಬ್ಬ. ಏಳೂವರೆ, ಏಳೂ ಮುಕ್ಕಾಲು, ಎಂಟು, ಏಳೂವರೆ. ವರ್ಷಗಳು ಹೋದರೂ ಅಂಕಿ ಅಲುಗಲಿಲ್ಲ. ಸ್ಕ್ಯಾನಿನಲ್ಲೂ ಹೊಸ ಕಲೆ ಇರಲಿಲ್ಲ. ವೈದ್ಯರು ಅವಳನ್ನು ತಮ್ಮ ಕೋಣೆಯಲ್ಲಿ ನಾಲ್ಕು ಹೆಜ್ಜೆ ನಡೆಸಿ ನೋಡಿ, ನನ್ನ ಪುಟಗಳನ್ನು ತಿರುವಿ, ಎಲ್ಲ ರೋಗಿಗಳಿಗೂ ನಿಮ್ಮಂಥ ಗಂಡ ಇರಬೇಕು ಎಂದರು. ಮಾತ್ರೆ ಮುಂದುವರಿಯಿತು. ಅವತ್ತು ಮನೆಗೆ ಬರುವಾಗ ನಾನು ಎದೆ ಸೆಟೆಸಿ ಕಾರು ಓಡಿಸಿದ್ದು ನೆನಪಿದೆ.

ಹೋದ ವರ್ಷದ ಬೇಸಿಗೆಯಲ್ಲಿ ಒಬ್ಬ ಹುಡುಗಿ ನಮ್ಮ ಮನೆಗೆ ಬಂದಳು. ಛತ್ರಪತಿ ಸಂಭಾಜಿನಗರದ ಒಂದು ಕಾಲೇಜಿನಲ್ಲಿ ಫಿಜಿಯೋಥೆರಪಿಯಲ್ಲಿ ಮಾಸ್ಟರ್ಸ್ ಓದುತ್ತಿದ್ದಳು. ಎಂಎಸ್ ಇರುವವರು ಮನೆಯಲ್ಲಿ ದಿನವಿಡೀ ಹೇಗೆ ನಡೆಯುತ್ತಾರೆ, ವ್ಯಾಯಾಮದಿಂದ ಎಷ್ಟು ಉಪಯೋಗವಾಗುತ್ತದೆ ಎಂಬುದು ಅವಳ ಥೀಸಿಸ್. ಈ ರೋಗ ಇರುವವರು ಊರಿಗೆ ನಾಲ್ಕು ಜನ ಸಿಕ್ಕರೆ ಹೆಚ್ಚು. ಅದಕ್ಕಾಗಿ ನಾಶಿಕದ ವೈದ್ಯರ ಹತ್ತಿರ ವಿಚಾರಿಸಿಕೊಂಡು, ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಈ ಕಡೆ ಬರುತ್ತಿದ್ದಳು. ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಮಾತು ಶುರುಮಾಡಿದವಳು ನಮ್ಮಿಬ್ಬರ ಮಾತು ಕೇಳಿ ಮುಖ ಅರಳಿಸಿದಳು.

"ಕಾಕಾ, ನಾವೂ ಕನ್ನಡದವರೇ. ಅಪ್ಪಂದು ಉಡುಪಿ ಕಡೆ. ನಂಗೆ ಎಲ್ಲ ಸಮಜ್ತದೆ, ಬೋಲಾಯ್‌ಲಾ ಥೋಡಾ ತ್ರಾಸ್ ಆಗ್ತದೆ" ಎಂದಳು. ಮಾತಾಡಲು ತುಸು ಕಷ್ಟ ಎಂದು ಅದರ ಅರ್ಥ. ಅವಳಪ್ಪ ಸಂಭಾಜಿನಗರದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರಂತೆ.

ಕನ್ನಡದವಳು ಎಂದ ಕೂಡಲೇ ನನ್ನ ಹೆಂಡತಿ ಕರಗಿದಳು. ನಾನು ಇನ್ನಷ್ಟು ಬಿಗಿಯಾದೆ. ಬೇರೆಯವರು ಮೋಸ ಮಾಡಲು ಮರಾಠಿಯಲ್ಲಿ ಬಂದರೆ ಇವಳು ಕನ್ನಡದಲ್ಲಿ ಬಂದಿರಬಹುದಲ್ಲ. ಅವಳು ಕೊಟ್ಟ ಒಪ್ಪಿಗೆಯ ಕಾಗದವನ್ನು ಎರಡು ದಿನ ಇಟ್ಟುಕೊಂಡು, ಕೆಂಪು ಪೆನ್ಸಿಲು ಹಿಡಿದು ಓದಿದೆ. ಮಾಹಿತಿಯನ್ನು ಗುಟ್ಟಾಗಿ ಇಡಲಾಗುವುದು ಎಂದಿತ್ತು. ಎಲ್ಲಿ ಇಡುತ್ತಾರೆ, ಯಾರು ಇಡುತ್ತಾರೆ, ಕೀಲಿ ಯಾರ ಹತ್ತಿರ ಎಂದು ಬದಿಯಲ್ಲಿ ಬರೆದೆ. ನನ್ನ ಹೆಂಡತಿಯ ಹೆಜ್ಜೆ ಯಾರಿಗೆ ಬೇಕು? ಬಿಟ್ಟಿಯಾಗಿ ಯಾರು ಯಾರ ಹೆಜ್ಜೆ ಎಣಿಸುತ್ತಾರೆ?

"ಸಹಿ ನಂದು, ಕಾಲು ನಂದು. ಕೆಂಪು ಪೆನ್ಸಿಲ್ ಒಳಗಿಡ್ರಿ" ಎಂದು ನನ್ನ ಹೆಂಡತಿ ಕಾಗದ ಕಿತ್ತುಕೊಂಡು ಸಹಿ ಮಾಡಿದಳು.

ಮೊದಲನೆಯ ದಿನವೇ ಜಗಳ ಹತ್ತಿತು. ಹುಡುಗಿ ನನ್ನ ಹಳದಿ ಗೆರೆಗಳನ್ನು ನೋಡಿ ಖುಷಿಪಟ್ಟು, ತನ್ನ ಫೋನಿನ ಗಡಿಯಾರ ಹಿಡಿದು ನನ್ನ ಹೆಂಡತಿಯನ್ನು ನಡೆಸಿದಳು. ನಾನು ಆಗ ಒಳಗೆ ಚಹಾ ಸೋಸುತ್ತಿದ್ದೆ. ಹೊರಗೆ ಬಂದಾಗ ಅವಳು ತನ್ನ ಹಾಳೆಯಲ್ಲಿ ಹನ್ನೊಂದೂವರೆ ಎಂದು ಬರೆದಿದ್ದಳು. ಮೂರು ದಿನದ ಹಿಂದೆ ನನ್ನ ರಿಜಿಸ್ಟರಿನಲ್ಲಿ ಎಂಟು ಇತ್ತು.

"ನಿನ್ನ ಗಡಿಯಾರ ತಪ್ಪೈತಿ" ಎಂದೆ.

ನನ್ನ ಸ್ಟಾಪ್‌ವಾಚನ್ನೂ ಅವಳ ಫೋನನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಐದು ನಿಮಿಷ ಓಡಿಸಿದೆವು. ಎರಡೂ ಒಂದೇ ಹೇಳಿದವು. ಹಾಗಾದರೆ ಸೆಕೆ ಎಂದೆ. ಕಾರ್ಖಾನೆಯ ಅಳತೆಯ ಕೋಣೆಯಲ್ಲಿ ಬೇಸಿಗೆಯಿರಲಿ ಚಳಿಯಿರಲಿ ಇಪ್ಪತ್ತು ಡಿಗ್ರಿ. ಲೋಹವೂ ಬಿಸಿಗೆ ಹಿಗ್ಗುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಮನುಷ್ಯರನ್ನು ಅಳೆದರೆ ಏನಾದೀತು? ಇದನ್ನು ಹುಡುಗಿ ಒಪ್ಪಿದಳು. ಈ ರೋಗದವರಿಗೆ ಸೆಕೆ ನಿಜವಾಗಿಯೂ ಆಗಿಬರುವುದಿಲ್ಲ ಎಂದು ಹೇಳಿ, ಮುಂದಿನ ಸಲ ಬೆಳಗಿನ ಬಸ್ಸಿಗೇ ಬಂದಳು. ಬಂದವಳು ಒದ್ದೆ ಟವೆಲನ್ನು ನನ್ನ ಹೆಂಡತಿಯ ಕುತ್ತಿಗೆಗೆ ಸುತ್ತಿ, ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ನಡೆಸಿದಳು. ಹನ್ನೊಂದು ಬಂತು. ಅರ್ಧ ಸೆಕೆಂಡು ಕಡಿಮೆಯಾದದ್ದನ್ನು ಹಿಡಿದುಕೊಂಡು ನಾನು ಅವತ್ತೆಲ್ಲ ಗೆದ್ದವನಂತೆ ಓಡಾಡಿದೆ.

ಅವಳು ನನ್ನ ಹೆಂಡತಿಯ ಎಡಗಾಲಿನ ಗಂಟಿಗೆ ಒಂದು ಪಟ್ಟಿ ಕಟ್ಟಿ ಹೋಗಿದ್ದಳು. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಯಂತ್ರ, ಹೆಜ್ಜೆ ಎಣಿಸುತ್ತದೆ, ಕಾಲು ಎಷ್ಟು ಏಳುತ್ತದೆ ಎಂದು ಬರೆದುಕೊಳ್ಳುತ್ತದೆ. ಯಾವ ಯಂತ್ರವನ್ನೇ ಆಗಲಿ ಪರೀಕ್ಷಿಸದೆ ಬಳಸುವುದು ನನ್ನ ಜಾತಕದಲ್ಲಿಲ್ಲ. ಒಂದು ಮಂಗಳವಾರ ನನ್ನ ಹೆಂಡತಿ ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟ ಪಟ್ಟಿಯನ್ನು ನಾನು ಕಟ್ಟಿಕೊಂಡೆ. ಸಾವಿರ ಹೆಜ್ಜೆ ಎಣಿಸಿ ನಡೆದೆ, ಮಹಡಿ ಹತ್ತಿ ಇಳಿದೆ, ಯಂತ್ರ ಲೆಕ್ಕ ತಪ್ಪುತ್ತದೆಯೋ ನೋಡೋಣ ಎಂದು ಅಂಗಳದಲ್ಲಿ ಕುಂಟಿಯೂ ನೋಡಿದೆ. ಆಮೇಲೆ ಬಿಚ್ಚಿಡಲು ಮರೆತು ಅದನ್ನೇ ಕಟ್ಟಿಕೊಂಡು ತರಕಾರಿ ಪೇಟೆಗೂ ಹೋಗಿಬಂದೆ.

ಮುಂದಿನ ಸಲ ಬಂದ ಹುಡುಗಿ ಲ್ಯಾಪ್‌ಟಾಪು ನೋಡಿ ಕಣ್ಣು ಬಾಯಿ ಬಿಟ್ಟಳು. "ಕಾಕು, ಮಂಗಳವಾರ ನೀವು ಆರು ಸಾವಿರ ಹೆಜ್ಜೆ ನಡೆದಿದ್ದೀರಿ! ಮಹಡಿ ಕೂಡ ಹತ್ತಿದ್ದೀರಿ! ಔಷಧಿ ಬದಲಾಯಿಸಿದ್ರಾ?"

ನನ್ನ ಹೆಂಡತಿ ನನ್ನ ಕಡೆ ನೋಡಿದಳು. "ಆ ದಿನ ನನ್ನ ಕಾಲು ಪ್ಯಾಂಟ್ ಹಾಕ್ಕೊಂಡು ಪ್ಯಾಟಿಗೆ ಹೋಗಿತ್ತವ್ವಾ" ಎಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನ ಸಾವಿರಕ್ಕೆ ಯಂತ್ರ ಎಷ್ಟು ಹೇಳುತ್ತದೆ ಎಂದು ನಾನು ಕೇಳಿದೆ. ಸಾವಿರದ ಮೂರು. ಯಂತ್ರವೂ ಸರಿಯಿತ್ತು.

ಗಡಿಯಾರ ಸರಿ, ದೂರ ಸರಿ, ಯಂತ್ರ ಸರಿ. ಇನ್ನು ಅನುಮಾನಿಸಲು ಉಳಿದದ್ದು ಆ ಹುಡುಗಿಯೊಬ್ಬಳೇ. ರೋಗ ಹೆಚ್ಚಾಗಿದೆ ಎಂದು ತೋರಿಸಿದರೆ ಅವಳ ಥೀಸಿಸ್ಸಿಗೆ ಮೈ ಬರುತ್ತದೆ. ಏನೂ ಆಗಿಲ್ಲ ಎಂದು ಬರೆದರೆ ಯಾರು ಓದುತ್ತಾರೆ? ಅವಳು ನಡೆಸುವಾಗ ಬೇಕೆಂದೇ ತಡವಾಗಿ ಗಡಿಯಾರ ನಿಲ್ಲಿಸುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ಹಾಗೆಂದು ಹೆಂಡತಿಗೂ ಹೇಳಿದೆ. ಅವಳು ಬದನೆಕಾಯಿ ಹೆಚ್ಚುತ್ತಿದ್ದವಳು ಈಳಿಗೆಯಿಂದ ತಲೆ ಎತ್ತಲಿಲ್ಲ. "ಪಾಪ, ಹದಿನೈದು ದಿನಕ್ಕೊಮ್ಮೆ ಅಷ್ಟು ದೂರದಿಂದ ಬಸ್ಸಿನ್ಯಾಗ ಬಡಕೊಂತ ಬರತೈತಿ ಹುಡುಗಿ" ಎಂದಳು. ಅವಳು ನನ್ನ ಮಾತಿಗೆ ಹೌದು ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಅದನ್ನು ನಾನು ಅವತ್ತೇ ಗಮನಿಸಬೇಕಿತ್ತು.

ಕೊನೆಗೆ ಹುಡುಗಿಯೇ ದಾರಿ ತೋರಿಸಿದಳು. "ಕಾಕಾ, ನಿಮ್ಮ ನಂಬರ್ ಬೇರೆ, ನನ್ನ ನಂಬರ್ ಬೇರೆ. ನಮ್ಮ ಗೈಡ್ ಮೇಡಂ ಹೇಳ್ತಾರೆ, ಎರಡರಲ್ಲಿ ಒಂದು ತಪ್ಪು ಇರ್ಬೇಕು ಅಂತ. ನಮ್ಮಲ್ಲಿ ನಡೆಯುವ ಮ್ಯಾಟ್ ಉಂಟು, ಅದರ ಮೇಲೆ ಕಾಲಿಟ್ಟರೆ ಕಂಪ್ಯೂಟರೇ ಟೈಮ್ ತಗೊಳ್ತದೆ. ನೀವೂ ಬನ್ನಿ. ನಿಮ್ಮ ರಜಿಸ್ಟರ್ ಕೂಡ ತನ್ನಿ."

ಕಳ್ಳನೇ ಪೊಲೀಸ್ ಠಾಣೆಗೆ ಕರೆದಂತಾಯಿತು ಎಂದುಕೊಂಡು ನಾನು ಒಪ್ಪಿದೆ. ಮಳೆಗಾಲ ಮುಗಿದ ಮೇಲೆ ಒಂದು ದಿನ ಬೆಳಗಿನ ಐದಕ್ಕೆ ಕಾರು ತೆಗೆದೆ. ಯೇವಲಾ ದಾಟುವವರೆಗೆ ನನ್ನ ಹೆಂಡತಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದಳು. ಗಂಗಾಪುರದ ಕಡೆ ದಾರಿ ಕವಲೊಡೆಯುವ ಫಾಟಾ ಬಂದಾಗ ಎದ್ದು ಕೂತು, "ನಾ ಅಲ್ಲಿ ಹೆಂಗ ನಡದ್ರೂ ನೀವು ಆ ಹುಡುಗೀಗೆ ಏನೂ ಅನಬ್ಯಾಡ್ರಿ" ಎಂದಳು. ತಪ್ಪು ಯಾರದಿದ್ದರೂ ಅನ್ನುತ್ತೇನೆ ಎಂದೆ ನಾನು.

ಕಾಲೇಜಿನ ಆ ಕೋಣೆಯಲ್ಲಿ ಎಸಿ ಇತ್ತು. ಗೋಡೆಯ ತಾಪಮಾಪಕ ನೋಡಿ ತಕರಾರು ಇಲ್ಲ ಎಂದೆ. ನೆಲದ ಮೇಲೆ ಉದ್ದನೆಯ ಕರಿ ಮ್ಯಾಟು, ಅದರ ಒಂದು ಬದಿಗೆ ಹಿಡಿದುಕೊಳ್ಳಲು ಕಂಬಿ. ನನ್ನ ಟೇಪಿನಿಂದ ಇಪ್ಪತ್ತೈದು ಅಡಿ ಅಳೆದೆ; ಹುಡುಗಿ ನಗದೆ ಇನ್ನೊಂದು ತುದಿ ಹಿಡಿದುಕೊಂಡಳು. ಮೂರು ಗಡಿಯಾರ: ಮ್ಯಾಟಿನ ಕಂಪ್ಯೂಟರು, ಅವಳ ಫೋನು, ನನ್ನ ಸ್ಟಾಪ್‌ವಾಚು. ಅವಳ ಕೈ ಕಾಣುವಂತೆ ನಾನು ಅವಳ ಪಕ್ಕದಲ್ಲೇ ನಿಂತೆ. ಮೋಸ ಮಾಡಿದರೆ ಇವತ್ತು ಹಿಡಿಯುವುದು ಖಂಡಿತ ಎಂದು ನನ್ನ ಮನಸ್ಸಿನಲ್ಲಿತ್ತು.

ನನ್ನ ಹೆಂಡತಿ ಹೊರಟಳು. ಒಂಬತ್ತು ಹತ್ತು ಹೆಜ್ಜೆ ಚೆನ್ನಾಗಿ ನಡೆದಳು. ಆಮೇಲೆ ಎಡಗಾಲಿನ ಬೆರಳು ಮ್ಯಾಟಿಗೆ ತಾಗಿತು. ಅವಳು ಕಂಬಿ ಹಿಡಿದು ನಿಂತಳು. ಟಿಕ್. ಉಸಿರು ತೆಗೆದುಕೊಂಡು ಮತ್ತೆ ಹೆಜ್ಜೆ ಎತ್ತಿದಳು. ಟಿಕ್. ಇನ್ನೊಂದು ಸಲ ನಿಂತಳು, ಟಿಕ್, ಹೊರಟಳು, ಟಿಕ್. ಗೆರೆ ದಾಟಿದಾಗ ಕೊನೆಯ ಟಿಕ್.

ಕಂಪ್ಯೂಟರು ಹನ್ನೆರಡು ಎಂದಿತು. ಹುಡುಗಿಯ ಫೋನು ಹನ್ನೆರಡು. ನನ್ನದು ಎಂಟು.

"ನೋಡು!" ಎಂದೆ ನಾನು. ಆ ಗೆಲುವಿನ ದನಿ ನನಗೆ ಈಗಲೂ ಕೇಳಿಸುತ್ತದೆ.

ಹುಡುಗಿ ನನ್ನ ಮುಖ ನೋಡಲಿಲ್ಲ, ನನ್ನ ಹೆಬ್ಬೆರಳನ್ನು ನೋಡುತ್ತಿದ್ದಳು. "ಕಾಕಾ, ನಡುವೆ ಯಾಕೆ ಒತ್ತಿದ್ರಿ?"

"ಆಕಿ ನಿಂತಿದ್ದಳಲ್ಲ. ನಿಂತದ್ದು ನಡದಂಗ ಆಗೂದಿಲ್ಲ. ನಡದ ಹೊತ್ತಷ್ಟ ಹಿಡೀಬೇಕು." ನಾನು ಇದನ್ನು ಸಂಕೋಚವಿಲ್ಲದೆ ಹೇಳಿದೆ, ಪಾಠ ಹೇಳುವವನಂತೆ. ಕಾರ್ಖಾನೆಯಲ್ಲಿ ಯಾವುದೇ ಕೆಲಸಕ್ಕೆ ಹಿಡಿಯುವ ಹೊತ್ತು ಅಳೆಯುವಾಗ ಯಂತ್ರ ನಿಂತ ಹೊತ್ತನ್ನು ಕಳೆಯುತ್ತಾರೆ. ಕರೆಂಟು ಹೋದದ್ದು, ಉಪಕರಣ ಬದಲಿಸಿದ್ದು ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಅದನ್ನೂ ವಿವರಿಸಿದೆ.

ಹುಡುಗಿ ತನ್ನ ಫೋನನ್ನು ಕೆಳಗಿಟ್ಟಳು. ಆಮೇಲೆ ಬಹಳ ಮೆಲ್ಲಗೆ, "ಕಾಕಾ, ಅವರು ನಿಲ್ಲೋದನ್ನೇ ನಾವು ನೋಡ್ತಾ ಇರೋದು" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಅವಳು ಕಳ್ಳ ಎನ್ನಲೇ ಇಲ್ಲ, ಆದರೂ ನನ್ನ ಕೈ ತಾನಾಗಿ ಹೋಗಿ ರಿಜಿಸ್ಟರಿನ ಮೇಲೆ ಕೂತಿತು. ಅವಳು ಅದನ್ನು ಕೇಳಿದಳು. ನಾನು ಕೊಟ್ಟೆ. ಕುರ್ಚಿಯಲ್ಲಿ ಕೂತು ಮೊದಲ ಪುಟದಿಂದ ಓದತೊಡಗಿದಳು. ಅಷ್ಟು ಶ್ರದ್ಧೆಯಿಂದ ಅದನ್ನು ವೈದ್ಯರೂ ಓದಿರಲಿಲ್ಲ. ಅರ್ಧ ದಾಟಿದ ಮೇಲೆ ಬೆರಳಿಟ್ಟು ಕೇಳಿದಳು. "ಈ ಟಿಕಲಿ ಏನು ಕಾಕಾ? ನಂಬರ್ ಪಕ್ಕ, ಸಣ್ಣದು?"

ಪೆನ್ನಿನ ತುದಿಯಿಂದ ಇಟ್ಟ ಚುಕ್ಕೆಗಳು. ಒಂದು ಪುಟದಲ್ಲಿ ಎರಡು ಕಡೆ, ಮುಂದಿನ ಪುಟದಲ್ಲಿ ನಾಲ್ಕು ಕಡೆ. ಅದರ ಮುಂದೆ ಪ್ರತಿ ಸಾಲಿಗೂ ಒಂದು. ಆಮೇಲೆ ಒಂದೊಂದು ಸಾಲಿಗೆ ಎರಡೆರಡು. ನನ್ನ ಹೆಂಡತಿ ಒಂದು ಸಲ ನಿಂತರೆ ಒಂದು ಚುಕ್ಕೆ, ಎರಡು ಸಲ ನಿಂತರೆ ಎರಡು. ಇನ್‌ಸ್ಪೆಕ್ಟರ್ ಯಾವುದನ್ನಾದರೂ ಬಿಟ್ಟುಕೊಟ್ಟರೆ ಕಾಗದದ ಮೇಲೆ ಗುರುತು ಇಡಲೇಬೇಕು. ಮೂವತ್ತೆರಡು ವರ್ಷದ ಆ ಚಾಳಿಯಿಂದ ಚುಕ್ಕೆ ಇಟ್ಟಿದ್ದೆ, ಆದರೆ ಅದರ ಅರ್ಥವನ್ನು ವೈದ್ಯರಿಗೆ ಹೇಳಿರಲಿಲ್ಲ, ನನಗೂ ಹೇಳಿಕೊಂಡಿರಲಿಲ್ಲ. ಜೀವಮಾನವಿಡೀ ಯಾರಿಗೂ ಸುಲಭವಾಗಿ ಕೊಡದ ಕನ್ಸೆಷನ್ನನ್ನು ಒಂದೂವರೆ ವರ್ಷದಿಂದ ವಾರಕ್ಕೆ ಎರಡು ಸಲ ನನಗೇ ಕೊಟ್ಟುಕೊಂಡಿದ್ದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದ ಗಂಡಸು ನಾನು.

ಹುಡುಗಿ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಟ್ಟು ಹಗುರಾಗುತ್ತಿದ್ದೆ. "ಕಾಕಾ, ಹೇ ಬರೋಬರ್ ಆಹೆ" ಎಂದಳು, ಇದು ಸರಿಯಾಗಿದೆ ಎಂದು, ಅವಸರದಲ್ಲಿ ಕನ್ನಡ ಮರೆತು. "ಇದು ಒಳ್ಳೇದಾಯ್ತು. ಯಾವಾಗ ಶುರುವಾಯ್ತು ಅಂತ ಇದರಲ್ಲಿ ಗೊತ್ತಾಗ್ತದೆ. ಡಾಕ್ಟರಿಗೆ ಇದೇ ಬೇಕು." ಅವಳು ಚುಕ್ಕೆಗಳನ್ನು ಒಂದೊಂದಾಗಿ ಎಣಿಸಿ ತನ್ನ ಹಾಳೆಗೆ ಇಳಿಸಿಕೊಂಡಳು. ನಾನು ಅವಳ ಎದುರಿಗೆ ಕೂತಿದ್ದೆ, ಮಾರ್ಕು ಕೂಡಿಸುವುದನ್ನು ನೋಡುವ ನಪಾಸಾದವನಂತೆ.

ಮಧ್ಯಾಹ್ನ ಅವಳಪ್ಪನ ಹೋಟೆಲಿನಲ್ಲಿ ಊಟ. ಅವರು ಗಲ್ಲಾ ಬಿಟ್ಟು ಎದ್ದು ಬಂದು, "ನಿಮ್ಮ ವಿಷಯ ಮಗಳು ದಿನಾ ಹೇಳ್ತಾಳೆ, ಕಾಕಾ ಬಹಳ ಸ್ಟ್ರಿಕ್ಟು ಅಂತ" ಎಂದು ತಾವೇ ಬಡಿಸಿದರು. ಬೇರೆ ದಿನವಾಗಿದ್ದರೆ ಇವರು ಯಾಕೆ ಇಷ್ಟು ಉಪಚಾರ ಮಾಡುತ್ತಿದ್ದಾರೆ ಎಂದು ನಾನು ಸಾರಿನಲ್ಲೂ ಹುಡುಕುತ್ತಿದ್ದೆ. ಅವತ್ತು ಬಡಿಸಿದ್ದನ್ನು ತಲೆ ತಗ್ಗಿಸಿ ತಿಂದೆ.

ಹಿಂದಿರುಗುವಾಗ ವೈಜಾಪುರದ ಹತ್ತಿರ ಕಾರನ್ನು ಬದಿಗೆ ನಿಲ್ಲಿಸಿದೆ. ಸುತ್ತ ಹತ್ತಿ ಬಿಡಿಸುವ ಕಾಲ. ನಾನು ತಿರುಗಿ ನೋಡದೆ, ಸ್ಟಿಯರಿಂಗ್ ಹಿಡಿದುಕೊಂಡೇ ಕೇಳಿದೆ. "ನಾ ನಡುವ ಗಡಿಯಾರ ನಿಲ್ಲಸ್ತಿದ್ದದ್ದು ನಿನಗ ಗೊತ್ತಿತ್ತೇನು?"

"ಸಪ್ಪಳ ಬರ್ತಿತ್ತಲ್ರಿ" ಎಂದಳು. "ಟಿಕ್ ಅಂತ ಕೇಳಿದ ಮ್ಯಾಲೆನ ನಾ ಗ್ವಾಡಿ ಗಟ್ಟಿ ಹಿಡ್ಕೊಂಡು ಆರಾಮ ನಿಲ್ತಿದ್ದೆ."

"ಮತ್ಯಾಕ ಹೇಳಲಿಲ್ಲ?"

"ನೀವು ಎಂಟು ಅಂತ ಬರ್ಯೂ ಮುಂದ ನಿಮ್ಮ ಮಾರಿ ಎಷ್ಟು ಹಗುರ ಆಗ್ತಿತ್ತು ಅನ್ನೂದು ನಿಮಗೇನ ಗೊತ್ತು? ನೋಡಾಕಿ ನಾ ಇದ್ದೆ. ಅದನ್ನ ಯಾಕ ಕಳೀಲಿ ಅಂದ್ಕೊಂಡೆ. ಕಾಲು ಹೆಂಗೂ ಹೊಂಟೈತಿ."

ಮೂವತ್ತೆರಡು ವರ್ಷ ಎಲ್ಲರನ್ನೂ ಅನುಮಾನಿಸಿದವನು ನಾನು. ಅನುಮಾನಿಸದೇ ಬಿಟ್ಟಿದ್ದು ಇಬ್ಬರನ್ನು, ನನ್ನನ್ನು ಮತ್ತು ಅವಳನ್ನು. ನಾವಿಬ್ಬರೂ ಸೇರಿಯೇ ಆ ಸುಳ್ಳನ್ನು ಬರೆದಿದ್ದೆವು, ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ. ನಾನು ಅವಳ ಮೇಲೆ ಸಿಟ್ಟಾಗಲು ನೋಡಿದೆ, ಆಗಲಿಲ್ಲ. ಕಾರಿನ ಕನ್ನಡಿ ನೋಡಲು ಮಾತ್ರ ನಾಚಿಕೆಯಾಯಿತು.

ಆ ವಾರವೇ ನಾಶಿಕದ ವೈದ್ಯರ ಬಳಿ ಹೋದೆವು. ಹುಡುಗಿಯ ಹಾಳೆ, ಮ್ಯಾಟಿನ ವರದಿ, ನನ್ನ ರಿಜಿಸ್ಟರು. ಚುಕ್ಕೆಗಳ ಅರ್ಥವನ್ನು ನಾನೇ ಹೇಳಿದೆ, ನಿಂತುಕೊಂಡು ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, ತಾವೂ ನಾಲ್ಕು ಹೆಜ್ಜೆ ನೋಡಿ ಸುಮ್ಮನಾಗಬಾರದಿತ್ತು, ಇಡೀ ದೂರ ನಡೆಸಬೇಕಿತ್ತು ಎಂದರು. ಅದು ಅವರ ದೊಡ್ಡತನ. ಮುಂಚೆಯೇ ಔಷಧಿ ಬದಲಿಸಿದ್ದರೆ ಕಾಲು ಉಳಿಯುತ್ತಿತ್ತೇ ಎಂದು ಕೇಳಿದೆ. ಖಚಿತವಾಗಿ ಹೇಳಲಾಗದು, ಕೆಲವರಿಗೆ ಉಪಯೋಗವಾಗುತ್ತದೆ, ಕೆಲವರಿಗೆ ಆಗುವುದಿಲ್ಲ, ಹೋದದ್ದು ಮಾತ್ರ ಪೂರ್ತಿ ಬರುವುದು ಕಷ್ಟ, ಇದ್ದದ್ದನ್ನು ಹಿಡಿದುಕೊಳ್ಳೋಣ ಎಂದರು. ಖಚಿತವಿಲ್ಲ ಎನ್ನುವ ಉತ್ತರಕ್ಕಿಂತ ದೊಡ್ಡ ಶಿಕ್ಷೆ ನನ್ನಂಥವನಿಗೆ ಇನ್ನೊಂದಿಲ್ಲ. ಆ ಒಂದೂವರೆ ವರ್ಷ ಯಾರ ಲೆಕ್ಕಕ್ಕೆ ಹೋಯಿತು ಎಂಬುದು ನನಗೆ ಎಂದಿಗೂ ತಿಳಿಯುವುದಿಲ್ಲ.

ರಕ್ತ ತಪಾಸಣೆ, ಕ್ಷಯ ಇದೆಯೋ ಎಂದು ಎದೆಯ ತಪಾಸಣೆ ಎಲ್ಲ ಆದ ಮೇಲೆ ಬಲವಾದ ಔಷಧಿಯ ಮೊದಲ ಸಲೈನು ಹಚ್ಚಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಹನಿ ಎಣಿಸಿದೆ. ನರ್ಸು ಬಂದಾಗಲೆಲ್ಲ ಬಾಟಲಿಯ ಚೀಟಿಯನ್ನು ಮತ್ತೆ ಓದಿದೆ. ಹುಟ್ಟುಗುಣ ಸುಟ್ಟರೂ ಹೋಗದು. ಹುಡುಗಿ ಫೋನು ಮಾಡಿ, ಹೊಸ ವ್ಯಾಯಾಮ ಕಲಿಸಲು ಮುಂದಿನ ವಾರ ಬರುತ್ತೇನೆ ಎಂದಳು. ಬರುವಾಗ ಊಟ ಮಾಡಿಕೊಂಡು ಬರಬೇಡ ಎಂದು ನಾನು ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗಲಿಲ್ಲವೋ ಏನೋ, "ಕಾಯ್ ಕಾಕಾ?" ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ಹೋದ ಭಾನುವಾರ ಬೆಳಿಗ್ಗೆ ಮತ್ತೆ ಹಳದಿ ಗೆರೆಯ ಹತ್ತಿರ ಬಂದೆವು. ಅವಳು ಕುತ್ತಿಗೆಗೆ ಒದ್ದೆ ಟವೆಲು ಸುತ್ತಿಕೊಂಡಿದ್ದಳು. ನಾನು ಗಡಿಯಾರ ಒತ್ತಿದೆ. ಅವಳು ಹೊರಟಳು. ಅಡುಗೆಮನೆಯ ಬಾಗಿಲು ದಾಟಿ ಎರಡು ಹೆಜ್ಜೆಗೆ ಕಾಲು ಎಳೆಯಿತು. ಗೋಡೆ ಹಿಡಿದು ನಿಂತಳು. ನಿಂತು, ನನ್ನ ಕಡೆ ನೋಡದೆಯೇ ಕಿವಿಗೊಟ್ಟು ಕಾದಳು. ನನ್ನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಅದು ಒತ್ತಿಬಿಡಲು ಎಷ್ಟು ಹಾತೊರೆಯಿತು ಎಂದರೆ ನಾನು ಗಡಿಯಾರವನ್ನು ಎಡಗೈಗೆ ಬದಲಿಸಿಕೊಂಡೆ.

"ಒತ್ತೂದಿಲ್ಲೇನ್ರಿ?" ಎಂದಳು.

"ಇಲ್ಲ. ನೀ ಆರಾಮ ನಿಂತ ಬಾ."

ಅವಳು ಗೋಡೆಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ನಿಂತಳು. ಮುಳ್ಳು ಓಡುತ್ತಲೇ ಇತ್ತು. ಆಮೇಲೆ ಕಾಲು ಎತ್ತಿ ಬಂದು ಗೆರೆ ದಾಟಿ, ನನ್ನ ತೋಳು ಹಿಡಿದುಕೊಂಡು ರಿಜಿಸ್ಟರಿನೊಳಗೆ ಇಣುಕಿದಳು. ಹದಿನಾಲ್ಕು ಸೆಕೆಂಡು. ಹಾಗೆಯೇ ಬರೆದೆ. ಪಕ್ಕದಲ್ಲಿ ಚುಕ್ಕೆ ಇಡಲಿಲ್ಲ.